ಯಾವಾಗ ಎಂದು ಹೇಳಿದ್ದು ಯಾರು? ಸ್ವಯಂ ಹಾನಿಯ ನಂತರದ ಆಸ್ಪತ್ರೆ ಆರೈಕೆ: ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವ ಹೆಣ್ಣುಮಗಳನ್ನು ಸುಮತಿ ಎಂದು ಕರೆಯೋಣ. ಹೆಸರು, ವಯಸ್ಸು, ಊರು, ಮನೆಯವರ ವಿವರಗಳನ್ನೆಲ್ಲ ಗುರುತು ಸಿಗದಂತೆ ಬದಲಿಸಲಾಗಿದೆ. ಆಸ್ಪತ್ರೆಗಳ ಹೆಸರೂ ಇಲ್ಲ. ಚಿಕಿತ್ಸೆ ಯಾವ ಕ್ರಮದಲ್ಲಿ ನಡೆಯಿತು, ತೀರ್ಮಾನಗಳು ಎಲ್ಲಿ ಬದಲಾದವು ಎಂಬುದನ್ನು ಮಾತ್ರ ವಿವರವಾಗಿ ಇಟ್ಟಿದ್ದೇವೆ. ಆಕೆ ಎಷ್ಟು ಮಾತ್ರೆ ನುಂಗಿದರು ಎಂಬ ಲೆಕ್ಕ ಓದುವವರಿಗೆ ಬೇಕಿಲ್ಲ, ಅದನ್ನು ಬರೆದಿಲ್ಲ.

ಹಿನ್ನೆಲೆ

ಸುಮತಿಗೆ ಮೂವತ್ತರ ಮೇಲೆ ವಯಸ್ಸು. ಉಡುಪಿ ಜಿಲ್ಲೆಯ ಕರಾವಳಿ ಕಡೆಯ ಹಳ್ಳಿ. ಏಳನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು, ಮನೆಮಾತು ತುಳು. ಹಗಲು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಪಕ್ಕದ ಮನೆಯವರ ಮಲ್ಲಿಗೆ ಕಟ್ಟಿಕೊಡುವುದು. ಗಂಡ ಆಳಸಮುದ್ರದ ಬೋಟಿನಲ್ಲಿ ಕಲಾಸಿ. ಒಮ್ಮೆ ಹೋದರೆ ಹತ್ತು ದಿನ ಮನೆಗಿಲ್ಲ. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಅತ್ತೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿದ್ದರೆ ಗಂಡನ ಕೈಗೆ ಕಾಸಿಲ್ಲ, ಆದರೆ ಸಾಲದ ಕಂತಿಗೆ ರಜೆ ಇಲ್ಲ. ಮನೆಯಲ್ಲಿ ಎರಡು ಸಾಲಗಳಿದ್ದವು, ಎರಡೂ ಸುಮತಿಯ ಹೆಸರಲ್ಲಿ: ಒಂದು ಮಹಿಳೆಯರ ಗುಂಪಿನ ಮೂಲಕ ಮೈಕ್ರೋಫೈನಾನ್ಸ್ ಕಂಪನಿಯಿಂದ ತೆಗೆದದ್ದು, ಇನ್ನೊಂದು ಖಾಸಗಿಯವರ ವಾರದ ಬಡ್ಡಿಯದು. ಎರಡರ ವಸೂಲಿಯೂ ಶನಿವಾರ. ಕಂಪನಿಯ ಹುಡುಗ ರಾತ್ರಿ ಎಂಟರ ಮೇಲೆ ಬಂದು ಅಂಗಳದಲ್ಲೇ ನಿಂತು ಕೂಗುತ್ತಿದ್ದ. ಗುಂಪಿನ ಉಳಿದ ಹೆಂಗಸರೂ ಜೊತೆಗೆ ಬಂದು ನಿಲ್ಲಬೇಕಾಗುತ್ತಿತ್ತು, ಏಕೆಂದರೆ ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು.

ಸಾಲವೇ ಕಾರಣ ಎಂದು ಇಲ್ಲಿಗೆ ನಿಲ್ಲಿಸಿಬಿಡುವುದು ಸುಲಭ. ಅದು ಸರಿಯಲ್ಲ. ಸಾಲ ಇರುವ ಮನೆಗಳು ಆ ಊರಲ್ಲಿ ಬೇಕಾದಷ್ಟಿವೆ. ಸುಮತಿಗೆ ಅದಕ್ಕೂ ಮೊದಲೇ ತಿಂಗಳುಗಟ್ಟಲೆ ನಿದ್ದೆಯಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಕಾರ್ಖಾನೆಯಲ್ಲಿ ಕೈ ನಿಧಾನವಾಗಿ ಬೈಸಿಕೊಳ್ಳುತ್ತಿದ್ದರು. ಅದು ಖಿನ್ನತೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಮೊದಲ ಗಂಟೆಗಳು

ತುಳುವರ ಮಳೆಗಾಲದ ತಿಂಗಳಾದ ಆಟಿ ಶುರುವಾಗಿ ಕೆಲವೇ ದಿನವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಸುಮತಿ ವಾಂತಿ ಮಾಡುತ್ತಿರುವುದನ್ನು ಅತ್ತೆ ನೋಡಿದರು. ತಲೆದಿಂಬಿನ ಬಳಿ ಪ್ಯಾರಾಸಿಟಮಾಲ್ ಮಾತ್ರೆಯ ಖಾಲಿ ಪಟ್ಟಿಗಳು ಸಿಕ್ಕವು. ಗಾಬರಿಯಲ್ಲಿ ಮನೆಯವರು ಉಪ್ಪುನೀರು ಕುಡಿಸಿದರು. ನಮ್ಮ ಕಡೆ ಇದು ಈಗಲೂ ಎಲ್ಲರೂ ಮೊದಲು ಮಾಡುವ ಕೆಲಸ, ಮಾಡಲೇಬಾರದ ಕೆಲಸವೂ ಹೌದು. ಉಪ್ಪುನೀರಿನಿಂದ ರಕ್ತದ ಸೋಡಿಯಂ ಅಪಾಯಕಾರಿಯಾಗಿ ಏರಬಹುದು. ಒತ್ತಾಯದಿಂದ ವಾಂತಿ ಮಾಡಿಸಿದಾಗ ಅದು ಶ್ವಾಸಕೋಶಕ್ಕೆ ಹೋಗಬಹುದು. ಸುಮತಿಯ ಸೋಡಿಯಂ 149ಕ್ಕೆ ಏರಿತ್ತು. ಮನೆಯವರು ಮಾಡಬೇಕಾದದ್ದು ಇಷ್ಟೇ: ಖಾಲಿ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ನೇರ ಆಸ್ಪತ್ರೆಗೆ ಬರುವುದು.

ಅವರು ಮೊದಲು ಹೋದದ್ದು ಹತ್ತಿರದ ಒಂದು ಚಿಕಿತ್ಸಾಲಯಕ್ಕೆ. ಅಲ್ಲಿ "ಇದು ಪೊಲೀಸ್ ಕೇಸು, ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದು ಬಾಗಿಲಲ್ಲೇ ಕಳಿಸಿದರು. ಚೀಟಿ ಕೊಡಲಿಲ್ಲ, ರಕ್ತದೊತ್ತಡವನ್ನೂ ನೋಡಲಿಲ್ಲ. ಪೊಲೀಸ್ ಪ್ರಕ್ರಿಯೆಗೆ ಕಾಯದೆ ಮೊದಲು ಜೀವ ಉಳಿಸುವ ಚಿಕಿತ್ಸೆ ಕೊಡಬೇಕೆಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಎಲ್ಲ ವೈದ್ಯರಿಗೂ ಅದು ಅನ್ವಯ. ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಎಂದರೆ ಠಾಣೆಗೆ ಕೊಡುವ ತಿಳಿವಳಿಕೆ ಪತ್ರ. ಚಿಕಿತ್ಸೆ ಶುರುಮಾಡಿ ಅದನ್ನು ಬರೆಯಬಹುದು.

ದೊಡ್ಡ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಬಂದಾಗ 11.15. ಸುಮತಿ ಎಚ್ಚರವಿದ್ದರು, ನಾಡಿ, ರಕ್ತದೊತ್ತಡ ಸರಿಯಿತ್ತು. ಒಬ್ಬ ಕಿರಿಯ ವೈದ್ಯರು ಹೊಟ್ಟೆ ತೊಳೆಯಲು ನಳಿಕೆ ತರಿಸಿದರು. ಹಿರಿಯರು ಬೇಡವೆಂದರು. ಇದು ಮುಖ್ಯ. ನುಂಗಿ ಇಷ್ಟು ಹೊತ್ತಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿರುವುದಿಲ್ಲ. ವಿಷ ಹೀರಲು ಕುಡಿಸುವ ಇದ್ದಿಲ ಪುಡಿಯಿಂದಲೂ ಮೊದಲ ಒಂದೆರಡು ಗಂಟೆಯಲ್ಲಷ್ಟೇ ಒಳ್ಳೆಯ ಪ್ರಯೋಜನ. ಪ್ರಯೋಜನವಿಲ್ಲದ ನಳಿಕೆಯನ್ನು "ಇನ್ನೊಮ್ಮೆ ಹೀಗೆ ಮಾಡಬಾರದು" ಎಂಬ ಬುದ್ಧಿ ಕಲಿಸಲು ಹಾಕುವ ರೂಢಿ ಕೆಲವೆಡೆ ಉಳಿದಿದೆ. ಹಾಗೆ ನೋವು ತಿಂದವರು ಮುಂದಿನ ಸಲ ಆಸ್ಪತ್ರೆಗೆ ಬರುವುದಿಲ್ಲ, ಅಷ್ಟೇ.

ಸಮಯದ ಪ್ರಶ್ನೆ

ಪ್ಯಾರಾಸಿಟಮಾಲ್ ಪ್ರಕರಣದಲ್ಲಿ ನಿರ್ಧಾರ ನಿಲ್ಲುವುದು ಎರಡು ಸಂಖ್ಯೆಗಳ ಮೇಲೆ: ರಕ್ತದಲ್ಲಿ ಔಷಧಿಯ ಮಟ್ಟ, ಮತ್ತು ನುಂಗಿ ಎಷ್ಟು ಗಂಟೆಯಾಯಿತು. ಎರಡನ್ನೂ ನೋಮೋಗ್ರಾಮ್ ಎಂಬ ನಕ್ಷೆಯ ಮೇಲಿಟ್ಟು, ಗೆರೆಗಿಂತ ಮೇಲೆ ಬಂದರೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಕೊಡುತ್ತಾರೆ. ನುಂಗಿ ನಾಲ್ಕು ಗಂಟೆಯಾಗುವ ಮೊದಲು ತೆಗೆದ ರಕ್ತಕ್ಕೆ ಈ ನಕ್ಷೆಯಲ್ಲಿ ಬೆಲೆಯಿಲ್ಲ.

ಎಷ್ಟು ಗಂಟೆಗೆ ನುಂಗಿದ್ದು ಎಂದು ಕೇಳಿದಾಗ ಉತ್ತರ ಕೊಟ್ಟವರು ಗಂಡ: "ಬೆಳಿಗ್ಗೆ ಎಂಟಕ್ಕೆ." ಪಟ್ಟಿ ಸಿಕ್ಕಿದ್ದು ಎಂಟಕ್ಕೆ. ಸುಮತಿ ಏನೂ ಹೇಳಲಿಲ್ಲ, ಅತ್ತೆ ಪಕ್ಕದಲ್ಲೇ ನಿಂತಿದ್ದರು. ಕೇಸ್ ಶೀಟಿನಲ್ಲಿ "8 ಎಎಂ" ಎಂದು ಬಿತ್ತು. ಅದರಂತೆ ಮಧ್ಯಾಹ್ನ 12ಕ್ಕೆ ರಕ್ತ ತೆಗೆದರು. ಎರಡು ಗಂಟೆಗೆ ವರದಿ ಬಂತು: ಮಿಲಿಲೀಟರಿಗೆ 62 ಮೈಕ್ರೋಗ್ರಾಂ. ನಾಲ್ಕು ಗಂಟೆಯ ಬಿಂದುವಿನಲ್ಲಿ ಗೆರೆ 150ರಲ್ಲಿದೆ. 62 ಅಂದರೆ ಬಹಳ ಕೆಳಗೆ. "ಸಂಜೆವರೆಗೆ ನೋಡಿ, ಮನೋವೈದ್ಯರ ಒಪಿಡಿಗೆ ಚೀಟಿ ಕೊಟ್ಟು ಕಳಿಸಿ" ಎಂದು ಬರೆದಾಯಿತು.

ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆಯಿತ್ತು. ಯಕೃತ್ತಿನ ಕಿಣ್ವ ಎಎಲ್‌ಟಿ 96, ಇರಬೇಕಾದದ್ದು 40ರೊಳಗೆ. ಬೆಳಿಗ್ಗೆ ಎಂಟಕ್ಕೆ ನುಂಗಿದವರ ಎಎಲ್‌ಟಿ ಮಧ್ಯಾಹ್ನಕ್ಕೆ ಏರುವುದಿಲ್ಲ, ಯಕೃತ್ತು ಅಷ್ಟು ಬೇಗ ಹಾನಿಯನ್ನು ತೋರಿಸುವುದಿಲ್ಲ. ಆ 96 ಹಳೆಯ ಕಾಯಿಲೆಯದ್ದಿರಬೇಕು, ಇಲ್ಲವಾದರೆ ಬರೆದ ಸಮಯ ತಪ್ಪಿರಬೇಕು. ಗಡಿಬಿಡಿಯಲ್ಲಿ ಯಾರೂ ಅದನ್ನು ಕೇಳಲಿಲ್ಲ.

ಎರಡರ ಪಾಳಿಗೆ ಬಂದ ನರ್ಸ್‌ಗೆ ಕಂಡದ್ದು ಬೇರೆ. ಎಡಗೈಯಲ್ಲಿ ಕ್ಯಾನುಲಾ (ಡ್ರಿಪ್ ಸೂಜಿ) ಹಾಕಿದ ಜಾಗ ಊದಿತ್ತು. ಬದಲಿಸಲು ಬಲಗೈಯ ತೋಳು ಸರಿಸಿದಾಗ, ಮುಂಗೈಯ ಒಳಬದಿಯಲ್ಲಿ ಬಳೆಗಳ ಹಿಂದೆ ಹಳೆಯ ಗಾಯದ ಬಿಳಿ ಗೆರೆಗಳಿದ್ದವು. ನರ್ಸ್ ಏನೂ ಅನ್ನಲಿಲ್ಲ. ಆ ಜಾಗ ಬಿಟ್ಟು ಕೈಯ ಹಿಂಬದಿಯಲ್ಲಿ ಸೂಜಿ ಹಾಕಿದರು. ನಂತರ ಅತ್ತೆಗೆ ಬಿಲ್ಲಿಂಗ್ ಕೌಂಟರಿನ ಚೀಟಿ ಕೊಟ್ಟು ಕೆಳಗೆ ಕಳಿಸಿದರು, ಪರದೆ ಎಳೆದರು, ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಗೆರೆಗಳ ಕಡೆ ನೋಡಿ ತುಳುವಿನಲ್ಲಿ "ಏಪ ಅಕ್ಕ?" ಎಂದು ಕೇಳಿದರು. ಯಾವಾಗ, ಅಷ್ಟೇ. ಸುಮತಿ ಗೆರೆಗಳದ್ದನ್ನು ಹೇಳಿದರು: ಹೋದ ವರ್ಷ, ಮತ್ತೆ ಈ ವಿಷು ಕಳೆದ ಮೇಲೆ. ಆಮೇಲೆ ಕೇಳದೆಯೇ ಮಾತ್ರೆಯದ್ದನ್ನೂ ಹೇಳಿದರು. ನುಂಗಿದ್ದು ಬೆಳಿಗ್ಗೆ ಅಲ್ಲ, ಹಿಂದಿನ ರಾತ್ರಿ ಹತ್ತರ ಹೊತ್ತಿಗೆ, ಮಕ್ಕಳು ಮಲಗಿದ ಮೇಲೆ.

ಹಾಗಾದರೆ ಮಧ್ಯಾಹ್ನದ ರಕ್ತ ನಾಲ್ಕು ಗಂಟೆಯದ್ದಲ್ಲ, ಹದಿನಾಲ್ಕು ಗಂಟೆಯದ್ದು. ಆ ಬಿಂದುವಿನಲ್ಲಿ ನಕ್ಷೆಯ ಗೆರೆ ಸುಮಾರು 26ಕ್ಕೆ ಇಳಿದಿರುತ್ತದೆ. ಅದೇ 62 ಈಗ ಗೆರೆಗಿಂತ ಎರಡು ಪಟ್ಟಿಗೂ ಮೇಲೆ. ಸಂಜೆ ಮನೆಗೆ ಕಳಿಸಿದ್ದರೆ ಯಕೃತ್ತು ಸೋಲತೊಡಗುವಾಗ ಆಕೆ ಮನೆಯಲ್ಲಿರುತ್ತಿದ್ದರು. ಮೊದಲ ದಿನ ವಾಂತಿ ಬಿಟ್ಟರೆ ಏನೂ ಕಾಣದಿರುವುದು ಈ ವಿಷದ ಗುಣ. ಚೆನ್ನಾಗಿ ಮಾತಾಡುತ್ತಿದ್ದಾರೆ ಎಂದು ನಂಬಿ ಮನೆಯಲ್ಲಿ ಇಟ್ಟುಕೊಳ್ಳಬಾರದು.

ಮನೆಯವರು ಸುಳ್ಳು ಹೇಳಿದರೇ? ಹಾಗನ್ನಲು ಆಗದು. ಗಂಡನಿಗೆ ಗೊತ್ತಿದ್ದದ್ದು ಎಂಟು ಗಂಟೆ. ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಮಲಗಿದ್ದೂ ತಿಳಿಯಲಿಲ್ಲ ಎಂದು ಊಹಿಸುವುದೂ ಅವರಿಗೆ ಕಷ್ಟ. ಅದಕ್ಕೇ ಸಮಯವನ್ನು ಮೂರು ಕಡೆಯಿಂದ ಕೇಳಬೇಕು: ನುಂಗಿದವರನ್ನು ಒಬ್ಬರೇ ಇದ್ದಾಗ, ಕಂಡವರನ್ನು, ಕೊನೆಯದಾಗಿ ಸರಿಯಾಗಿ ಇದ್ದದ್ದನ್ನು ನೋಡಿದವರನ್ನು. ಮೂರೂ ಹೊಂದದಿದ್ದರೆ, ಅಥವಾ ಒಂದೇ ಸಲ ನುಂಗದೆ ಬಿಟ್ಟುಬಿಟ್ಟು ನುಂಗಿದ್ದರೆ, ನೋಮೋಗ್ರಾಮನ್ನು ಮುಟ್ಟಲೇಬಾರದು. ಔಷಧಿ ಶುರುಮಾಡಿ ಎಎಲ್‌ಟಿ ನೋಡಬೇಕು.

ಮದ್ದು ಕೊಟ್ಟ ಬಗೆ

3.10ಕ್ಕೆ ಶುರು. ನುಂಗಿ ಹದಿನೇಳು ಗಂಟೆಯಾಗಿತ್ತು. ಎಂಟು ಗಂಟೆಯೊಳಗೆ ಕೊಟ್ಟರೆ ಅತ್ಯುತ್ತಮ, ಆದರೆ ತಡವಾಯಿತೆಂದು ಬಿಡುವಂತಿಲ್ಲ. ಯಕೃತ್ತಿಗೆ ಪೆಟ್ಟು ಬಿದ್ದ ಮೇಲೂ ಇದರಿಂದ ಪ್ರಯೋಜನವಿದೆ. ತೂಕ 48 ಕೆಜಿ. ಕೆಜಿಗೆ 150 ಮಿ.ಗ್ರಾಂ. ಲೆಕ್ಕದಲ್ಲಿ 7,200 ಮಿ.ಗ್ರಾಂ. ಅನ್ನು 200 ಮಿ.ಲೀ. ಐದು ಶೇಕಡಾ ಗ್ಲೂಕೋಸಿನಲ್ಲಿ ಒಂದು ಗಂಟೆ. ನಂತರ ಕೆಜಿಗೆ 50ರಂತೆ 2,400 ಮಿ.ಗ್ರಾಂ. 500 ಮಿ.ಲೀ.ನಲ್ಲಿ ನಾಲ್ಕು ಗಂಟೆ. ಕೊನೆಗೆ ಕೆಜಿಗೆ 100ರಂತೆ 4,800 ಮಿ.ಗ್ರಾಂ. ಒಂದು ಲೀಟರಿನಲ್ಲಿ ಹದಿನಾರು ಗಂಟೆ. ಒಟ್ಟು 21 ಗಂಟೆ. ಮೂರು ಬಾಟಲಿಗೂ ಮೂರು ವೇಗ. ಪಾಳಿ ಬದಲಾಗುವಾಗ ತಪ್ಪುವುದು ಇಲ್ಲೇ. ಬಾಟಲಿಯ ಮೇಲೆ "1", "2", "3" ಎಂದು ದಪ್ಪಕ್ಷರದಲ್ಲಿ ಬರೆದು, ಮುಗಿಯಬೇಕಾದ ಸಮಯವನ್ನೂ ಅಲ್ಲೇ ಬರೆದರು.

ಇಪ್ಪತ್ತನೇ ನಿಮಿಷಕ್ಕೆ ಸುಮತಿಯ ಮುಖ, ಎದೆ ಕೆಂಪಾಗಿ ತುರಿಕೆ ಶುರುವಾಯಿತು. ಮೊದಲ ಬಾಟಲಿಯಲ್ಲಿ ಇದು ಸಾಮಾನ್ಯ. ಅಲರ್ಜಿ ಎಂದು ಮದ್ದನ್ನೇ ರದ್ದು ಮಾಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಡ್ರಿಪ್ ನಿಲ್ಲಿಸಿದರು, ತುರಿಕೆ ತಗ್ಗಿಸುವ ಏವಿಲ್ ಚುಚ್ಚುಮದ್ದು ಕೊಟ್ಟರು, ಉಬ್ಬಸ ಇಲ್ಲ, ರಕ್ತದೊತ್ತಡ ಇಳಿದಿಲ್ಲ ಎಂದು ಖಚಿತಪಡಿಸಿಕೊಂಡು ಅರ್ಧ ಗಂಟೆಯ ನಂತರ ಅರ್ಧ ವೇಗದಲ್ಲಿ ಮುಂದುವರಿಸಿದರು. ಮತ್ತೆ ತೊಂದರೆ ಆಗಲಿಲ್ಲ.

21 ಗಂಟೆ ಮುಗಿದಾಗ ಎಎಲ್‌ಟಿ 1,140, ರಕ್ತ ಹೆಪ್ಪುಗಟ್ಟುವಿಕೆಯ ಅಳತೆಯಾದ ಐಎನ್‌ಆರ್ 1.9. ಏರುತ್ತಿರುವಾಗ ನಿಲ್ಲಿಸಬಾರದು, ಮೂರನೇ ಬಾಟಲಿಯನ್ನೇ ಪುನಃ ಪುನಃ ಕೊಟ್ಟರು. ಎಎಲ್‌ಟಿ 2,310ಕ್ಕೆ ಹೋಗಿ ತಿರುಗಿತು. ಐದನೇ ದಿನ 480, ಐಎನ್‌ಆರ್ 1.2. ಗ್ಲೂಕೋಸ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಕೆಡಲಿಲ್ಲ.

ಮಂಚದ ಪಕ್ಕ ಯಾರು ಕೂರಬೇಕು

ಆರು ಮಂಚದ ವಾರ್ಡು. ನರ್ಸ್‌ಗಳ ಮೇಜಿನಿಂದ ನೇರ ಕಾಣುವ ಮಂಚಕ್ಕೆ ಸುಮತಿಯನ್ನು ಬದಲಿಸಿದರು, ಅಪಾಯವಾಗಬಹುದಾದ ವಸ್ತು ಸುತ್ತಮುತ್ತ ಇಲ್ಲವೆಂದು ನೋಡಿದರು. ಜೊತೆಗೆ ಸದಾ ಒಬ್ಬರಿರಬೇಕು ಎಂದು ಬರೆದರು. ನಮ್ಮ ಆಸ್ಪತ್ರೆಗಳಲ್ಲಿ ಆ ಒಬ್ಬರು ಎಂದರೆ ಮನೆಯವರು. ಅತ್ತೆ ಕೂತರು.

ಕಾಗದದ ಮೇಲೆ ಸರಿ. ಆದರೆ ಮೊದಲ ರಾತ್ರಿಯಿಡೀ ಅತ್ತೆ ಮೆಲ್ಲಗೆ ಬೈಯುತ್ತಲೇ ಇದ್ದರು: ಮನೆಯ ಮರ್ಯಾದೆ, ಮಕ್ಕಳ ಗತಿ, ನಾಳೆ ಸಂಘದವರಿಗೆ ಏನು ಹೇಳುವುದು. ಅತ್ತೆ ಕೆಟ್ಟವರೇನಲ್ಲ, ಹೆದರಿದ್ದರು, ಬೆಳಿಗ್ಗೆಯಿಂದ ಉಂಡಿರಲಿಲ್ಲ. ಆದರೂ ಕಾವಲಿಗೆ ಕೂತವರೇ ನೋಯಿಸುತ್ತಿದ್ದರೆ ಅದು ಕಾವಲಾಗದು. ಬೆಳಿಗ್ಗೆ ಹೆಡ್ ನರ್ಸ್ ಸುಮತಿಯನ್ನೇ ಕೇಳಿದರು: "ನಿಮ್ಮ ಹತ್ತಿರ ಯಾರಿದ್ದರೆ ಒಳ್ಳೆಯದು?" ಕಾರ್ಕಳ ಕಡೆ ಮದುವೆಯಾಗಿ ಹೋದ ಅಕ್ಕನ ಹೆಸರು ಹೇಳಿದರು. ಅಕ್ಕ ಮಧ್ಯಾಹ್ನದ ಬಸ್ಸಿಗೆ ಬಂದರು. ಜೊತೆಗಿರುವವರಿಗೆ ಹೇಳಿದ್ದು ಮೂರೇ ಮಾತು: ಕಾರಣ ಕೇಳಬೇಡಿ, ಬುದ್ಧಿ ಹೇಳಬೇಡಿ, ಬಾತ್‌ರೂಮಿಗೆ ಹೋಗುವಾಗಲೂ ಸಿಸ್ಟರಿಗೆ ತಿಳಿಸಿ ಹೋಗಿ. ರಾತ್ರಿ ಎರಡರಿಂದ ಐದರವರೆಗೆ ಸುಮತಿಗೆ ಎಚ್ಚರವಾಗುತ್ತದೆ ಎಂದು ಗೊತ್ತಾದ ಮೇಲೆ, ಆ ಹೊತ್ತಿನಲ್ಲಿ ನರ್ಸ್ ತಾನಾಗಿ ಹೋಗಿ ಮಾತಾಡಿಸುವುದು ಪಾಳಿಯ ಕೆಲಸದಲ್ಲಿ ಸೇರಿತು.

ಪೊಲೀಸ್ ಹೇಳಿಕೆ

ಶನಿವಾರ ಸಂಜೆಯೇ ಕಾನ್‌ಸ್ಟೆಬಲ್ ಬಂದಿದ್ದರು. ಎರಡನೇ ಬಾಟಲಿ ಹೋಗುತ್ತಿತ್ತು. ಹೇಳಿಕೆ ಕೊಡುವ ಸ್ಥಿತಿಯಲ್ಲಿಲ್ಲ ಎಂದು ಡ್ಯೂಟಿ ಡಾಕ್ಟರ್ ಬರೆದುಕೊಟ್ಟರು. ಮರುದಿನ ಮಹಿಳಾ ಕಾನ್‌ಸ್ಟೆಬಲ್ ಬಂದು, ಪರದೆಯ ಹಿಂದೆ, ಮನೆಯವರು ಹೊರಗಿರುವಾಗ ಹೇಳಿಕೆ ಪಡೆದರು.

ಗಂಡನಿಗೆ ಆಗಿದ್ದ ಭಯ ದೊಡ್ಡದು. "ಕೇಸ್ ಆಗ್ತದೆ, ಜೈಲಿಗೆ ಹಾಕ್ತಾರೆ" ಎಂದು ಯಾರೋ ಹೇಳಿದ್ದರು. ಅದಕ್ಕೇ ಸಹಿ ಹಾಕಿ ಮನೆಗೆ ಕರೆದೊಯ್ಯಲು ಸಿದ್ಧರಾಗಿದ್ದರು. ಮದ್ದು ಹೋಗುತ್ತಿರುವಾಗ ಹಾಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಮೇಲಿನ ಎಎಲ್‌ಟಿ ಸಂಖ್ಯೆಗಳೇ ಹೇಳುತ್ತವೆ. ವೈದ್ಯಕೀಯ ಸಮಾಜ ಕಾರ್ಯಕರ್ತೆ ಅವರನ್ನು ಕೂರಿಸಿ ವಿವರಿಸಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಂ ಉಳಿದೇ ಇಲ್ಲ. ಸರ್ಕಾರಿ ನೌಕರರನ್ನು ಒತ್ತಾಯಿಸಲು ಮಾಡುವ ಯತ್ನಕ್ಕೆ ಮಾತ್ರ 226ನೇ ಕಲಂ ಇದೆ, ಇಲ್ಲಿ ಅದು ಅನ್ವಯಿಸುವುದಿಲ್ಲ. ಈ ಮಾತನ್ನು ಎರಡನೇ ದಿನ ಹೇಳುವ ಬದಲು ಕ್ಯಾಶುವಾಲಿಟಿಯಲ್ಲೇ ಹೇಳಿದರೆ ಎಷ್ಟೋ ಮನೆಗಳು ಸಹಿ ಹಾಕಿ ಹೊರಡುವ ಯೋಚನೆಯನ್ನೇ ಬಿಡುತ್ತವೆ.

ಮೌಲ್ಯಮಾಪನ: ಎರಡು ಸಲ

ಮೊದಲ ಸಲ ಮನೋವೈದ್ಯ ವಿಭಾಗದ ಇಂಟರ್ನ್ ಬಂದು ಆತ್ಮಹತ್ಯೆಯ ಅಪಾಯ ಅಳೆಯುವ ಸ್ಯಾಡ್ ಪರ್ಸನ್ಸ್ ಎಂಬ ಅಂಕಪಟ್ಟಿ ತುಂಬಿದರು. ಮನೆಯವರು ಸುತ್ತ ನಿಂತಿದ್ದರು. ಹಿಂದೆ ಹಾಗೆ ಮಾಡಿಕೊಂಡದ್ದುಂಟಾ ಎಂಬ ಪ್ರಶ್ನೆಗೆ ಗಂಡ ಇಲ್ಲವೆಂದರು. ಅಂಕ ಕಡಿಮೆ ಬಂತು. "ಅಪಾಯ ಕಡಿಮೆ" ಎಂದು ಬರೆದರು.

ಇಂಥ ಅಂಕಪಟ್ಟಿಗಳಿಂದ ಮುಂದಾಗುವುದನ್ನು ಊಹಿಸಬೇಡಿ, ಯಾರಿಗೆ ಆರೈಕೆ ಕೊಡಬೇಕೆಂದು ಅದರ ಮೇಲೆ ತೀರ್ಮಾನಿಸಬೇಡಿ, ಕಡಿಮೆ, ಮಧ್ಯಮ, ಹೆಚ್ಚು ಎಂದು ವಿಂಗಡಿಸಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಕಾರಣ ಸರಳ: "ಅಪಾಯ ಕಡಿಮೆ" ಎಂದು ಗುರುತಿಸಲಾದವರಲ್ಲೂ ಅನೇಕರು ಮತ್ತೆ ಹಾನಿ ಮಾಡಿಕೊಳ್ಳುತ್ತಾರೆ, ಮತ್ತು ಅಂಕ ಸಿಕ್ಕ ಕೂಡಲೇ ಕೇಳುವುದು ನಿಲ್ಲುತ್ತದೆ. ಗೆರೆಗಳ ವಿಷಯ ನರ್ಸ್‌ನ ಟಿಪ್ಪಣಿಯಲ್ಲಿತ್ತು, ಆದರೆ ಅಂಕಪಟ್ಟಿಯಲ್ಲಿ ಆ ಟಿಪ್ಪಣಿ ಓದಲು ಜಾಗವಿರಲಿಲ್ಲ.

ಎರಡನೇ ಸಲ ಮನೋವೈದ್ಯೆ ಮತ್ತು ಸಮಾಜ ಕಾರ್ಯಕರ್ತೆ ಬಂದದ್ದು ನಾಲ್ಕನೇ ದಿನ, ಐಎನ್‌ಆರ್ ಇಳಿಯತೊಡಗಿ ಸುಮತಿ ಗಂಜಿ ಉಂಡ ಮೇಲೆ. ಪ್ರತ್ಯೇಕ ಕೋಣೆ, ಸುಮಾರು ಒಂದು ಗಂಟೆ. ನೇರ ಪ್ರಶ್ನೆಗಳು: "ಈಗ ಇಲ್ಲಿ ಕೂತಿರುವಾಗ ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?" "ಉಳಿದದ್ದಕ್ಕೆ ಹೇಗನ್ನಿಸ್ತದೆ?" "ಮನೆಯಲ್ಲಿ ಯಾರಾದರೂ ಹೊಡೀತಾರಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೊಡೆತ ಇಲ್ಲ, ಗಂಡ ಮಳೆಗಾಲದಲ್ಲಿ ಕುಡಿಯುತ್ತಾರೆ. ಸಾಯಬೇಕೆನ್ನುವುದಕ್ಕೆ ಸುಮತಿ ಕೊಟ್ಟ ಉತ್ತರ: "ಶನಿವಾರ ಬರಬಾರದಿತ್ತು." ಮುಂದಿನ ಯೋಜನೆ ಇಡೀ ನಿಂತದ್ದು ಈ ಒಂದು ವಾಕ್ಯದ ಮೇಲೆ. ಮಾತ್ರೆ ನುಂಗಿದ್ದು ಶುಕ್ರವಾರ ರಾತ್ರಿ. ಗೆರೆಗಳೂ ಶುಕ್ರವಾರ, ಶನಿವಾರದವು.

ಮಧ್ಯಮ ಮಟ್ಟದ ಖಿನ್ನತೆ ಎಂದು ನಿರ್ಣಯವಾಯಿತು. ಯಕೃತ್ತು ಚೇತರಿಸುತ್ತಿದ್ದುದರಿಂದ ಖಿನ್ನತೆಯ ಮಾತ್ರೆ ಎಸ್ಸಿಟಾಲೋಪ್ರಾಮ್ 5 ಮಿ.ಗ್ರಾಂ.ನಿಂದ ಶುರು. ಮಾತ್ರೆ ಕೊಟ್ಟದ್ದು ಒಂದು ವಾರಕ್ಕೆ ಮಾತ್ರ. ತಿಂಗಳ ಮಾತ್ರೆ ಒಟ್ಟಿಗೆ ಕೊಡುವುದು ಬಸ್ ಚಾರ್ಜು ಉಳಿಸುತ್ತದೆ, ನಿಜ. ಈ ಸಂದರ್ಭದಲ್ಲಿ ಅದು ಉಳಿತಾಯವಲ್ಲ.

ಸುರಕ್ಷತಾ ಯೋಜನೆ

ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಆರು ಹಂತದ ಯೋಜನೆ ಈಗ ಹಲವು ಕಡೆ ಬಳಕೆಯಲ್ಲಿದೆ: ಬಿಗಡಾಯಿಸುವ ಮುನ್ಸೂಚನೆ, ತಾನೇ ಮಾಡಬಹುದಾದದ್ದು, ಮನಸ್ಸು ಬೇರೆಡೆ ತಿರುಗಿಸುವ ಜನ, ಜಾಗ, ಸಹಾಯ ಕೇಳಬಹುದಾದ ಮನೆಯವರು, ಗೆಳೆಯರು, ವೈದ್ಯಕೀಯ ಸಹಾಯ, ಮನೆಯನ್ನು ಸುರಕ್ಷಿತಗೊಳಿಸುವುದು. ವಾರ್ಡಿನಲ್ಲಿ ಅಚ್ಚಾದ ಹಾಳೆಯಿತ್ತು. ಎರಡನೇ ಹಂತದಲ್ಲಿ "ದೀರ್ಘ ಉಸಿರಾಟ, ಸಂಗೀತ ಕೇಳುವುದು, ವಾಕಿಂಗ್" ಎಂದು ಮೊದಲೇ ಮುದ್ರಿಸಿದ್ದರು.

ರಾತ್ರಿ ಎರಡು ಗಂಟೆಗೆ, ಆಟಿಯ ಮಳೆಯಲ್ಲಿ, ಐದು ಜನ ಮಲಗಿದ ಮನೆಯಲ್ಲಿ ಎಲ್ಲಿಗೆ ವಾಕಿಂಗ್? ಸಮಾಜ ಕಾರ್ಯಕರ್ತೆ ಆ ಹಾಳೆ ಬದಿಗಿಟ್ಟು ಬಿಳಿ ಕಾಗದ ತೆಗೆದರು. ಎಚ್ಚರವಾದಾಗ ಕೈ ಏನು ಮಾಡಬಲ್ಲದು ಎಂದು ಕೇಳಿದರು. ಸುಮತಿ ಹೇಳಿದ್ದು ಮಲ್ಲಿಗೆ ಕಟ್ಟುವುದು. ಹೂವಿಲ್ಲದ ಹೊತ್ತಿನಲ್ಲೂ ಬಾಳೆನಾರನ್ನು ನೆನೆಸಿ ಸೀಳಿ ಎಳೆ ಮಾಡುವ ಕೆಲಸ ಇದ್ದೇ ಇರುತ್ತದೆ. ಜಗಲಿಯ ಲೈಟು ಹಾಕಿ ಅಲ್ಲಿ ಕೂತು ನಾರು ಸೀಳುವುದು, ಇದೇ ಎರಡನೇ ಹಂತವಾಯಿತು. ಮುನ್ಸೂಚನೆಯ ಜಾಗದಲ್ಲಿ ಸುಮತಿಯ ಮಾತೇ: "ಎದೆ ಬಿಗಿ, ಶುಕ್ರವಾರ ಊಟ ಸೇರುವುದಿಲ್ಲ, ನಾನಿದ್ದೇ ಇವರಿಗೆಲ್ಲ ಕಷ್ಟ ಅನ್ನಿಸುತ್ತದೆ." ಮೂರನೆಯದು ಪಕ್ಕದ ಮನೆ, ಭಜನಾ ಮಂದಿರದ ಶುಕ್ರವಾರದ ಭಜನೆ. ನಾಲ್ಕನೆಯದು ಅಕ್ಕ. ಐದನೆಯದು ವಾರ್ಡಿನ ಫೋನ್ ಮತ್ತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416. ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಆ ಸಂಖ್ಯೆಗೆ ಆಸ್ಪತ್ರೆಯಲ್ಲೇ ಒಮ್ಮೆ ಕರೆ ಮಾಡಿಸಿದರು. ಒಮ್ಮೆ ಹಗಲಲ್ಲಿ ಕೇಳಿದ ದನಿಗೆ ನಡುರಾತ್ರಿ ಕರೆ ಮಾಡಲು ಅಷ್ಟು ಹಿಂಜರಿಕೆ ಇರುವುದಿಲ್ಲ.

ಆರನೇ ಹಂತ ಬಹುತೇಕ ತಪ್ಪಿಹೋಗುತ್ತಿತ್ತು. ಮನೆಯ ಮಾತ್ರೆಗಳೆಲ್ಲ ಗಂಡನ ಬಳಿ ಬೀಗದಲ್ಲಿರಲಿ ಎಂದು ಬರೆದಿದ್ದರು. ಆಗ ಅಕ್ಕ ಕೇಳಿದರು: "ಆಗಸ್ಟ್ ಒಂದಕ್ಕೆ ಬೋಟು ಹೊರಟರೆ ಕೀ ಯಾರ ಹತ್ತಿರ?" ಜುಲೈಯಲ್ಲಿ ಬರೆದ ಯೋಜನೆ ಆಗಸ್ಟಿನಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಕೊನೆಗೆ ವಾರದ ಮಾತ್ರೆ ಪಕ್ಕದ ಮನೆಯ ಹಿರಿಯಾಕೆಯ ಬಳಿ, ದಿನಕ್ಕೊಂದು, ಹೂವು ಕೊಡಲು ಹೋದಾಗ ಅಲ್ಲೇ ನುಂಗುವುದು ಎಂದು ತೀರ್ಮಾನವಾಯಿತು. ಆಶಾ ಕಾರ್ಯಕರ್ತೆಯನ್ನು ಸೇರಿಸೋಣವೇ ಎಂದಾಗ ಸುಮತಿ ಬೇಡವೆಂದರು. ಆಕೆ ಗುಂಪಿನ ಸದಸ್ಯೆಯೊಬ್ಬರ ನಾದಿನಿ. ಆ ಬೇಡವನ್ನು ತಂಡ ಒಪ್ಪಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಎಲ್ಲರಿಗೂ ಸಂಬಂಧಿಗಳೇ, ಗುಟ್ಟು ಯಾರ ಮನೆವರೆಗೆ ಹೋದೀತು ಎಂಬುದು ರೋಗಿಗೇ ಚೆನ್ನಾಗಿ ಗೊತ್ತು. ಬದಲಿಗೆ ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಬರುವ ಮನೋವೈದ್ಯರ ಬಳಿಗೆ ಪತ್ರ ಕೊಟ್ಟರು.

ಮನೆಗೆ ಹೋದ ಮೇಲೆ

ಮುಂದಿನ ಕರೆಗಳಿಗೆ ಮಾದರಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೆನ್ನೈ ಕೂಡ ಒಂದು ಕೇಂದ್ರ. ಒಟ್ಟು 1,867 ಜನ, ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದವರು. ಅರ್ಧದಷ್ಟು ಜನರಿಗೆ ಬಿಡುಗಡೆಗೆ ಮುನ್ನ ಒಂದು ಗಂಟೆಯ ಮಾತುಕತೆ, ನಂತರ 18 ತಿಂಗಳಲ್ಲಿ ಒಂಬತ್ತು ಸಂಪರ್ಕ: 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಆತ್ಮಹತ್ಯೆಯಿಂದ ಸತ್ತವರು ಆ ಗುಂಪಿನಲ್ಲಿ ಶೇ. 0.2, ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ. 2.2. ದೊಡ್ಡ ಯಂತ್ರ ಬೇಕಿಲ್ಲ, ಫೋನ್ ಮತ್ತು ಅದನ್ನು ಮರೆಯದ ಒಬ್ಬ ವ್ಯಕ್ತಿ ಸಾಕು.

ಬಿಡುಗಡೆಯಾದ 48 ಗಂಟೆಯೊಳಗೆ ಮೊದಲ ಕರೆ ಹೋಯಿತು. ಮೊದಲ ತಿಂಗಳು ಪ್ರತಿ ವಾರ, ಅದೂ ಶುಕ್ರವಾರ ಸಂಜೆಯೇ. ಫೋನ್ ಮನೆಗೆಲ್ಲ ಒಂದೇ ಆದ್ದರಿಂದ ಯಾರು ಎತ್ತಿದರೂ "ರಕ್ತ ಪರೀಕ್ಷೆಯ ಬಗ್ಗೆ" ಎನ್ನುವುದು ಎಂದು ಮಾತಾಗಿತ್ತು. ಯಕೃತ್ತಿನ ಪರೀಕ್ಷೆ ನಿಜಕ್ಕೂ ನಡೆಯುತ್ತಿತ್ತು. ಎತ್ತದಿದ್ದರೆ ಅದೇ ದಿನ ಮೂರು ಸಲ, ಆಮೇಲೆ ಸುಮತಿಯ ಒಪ್ಪಿಗೆಯಂತೆ ಅಕ್ಕನಿಗೆ.

ಮೂರನೇ ವಾರದ ಶುಕ್ರವಾರ ರಜೆ ಬಂತು. ಸಮಾಜ ಕಾರ್ಯಕರ್ತೆ ಇರಲಿಲ್ಲ, ಬದಲಿ ವ್ಯವಸ್ಥೆ ಇರಲಿಲ್ಲ, ಕರೆ ಸೋಮವಾರಕ್ಕೆ ಹೋಯಿತು. ಶನಿವಾರ ರಾತ್ರಿ ವಸೂಲಿಯವರು ಬಂದರು, ಗಂಡ ಸಮುದ್ರದಲ್ಲಿದ್ದರು. ಆ ರಾತ್ರಿ ಸುಮತಿ ಮುಂಗೈಗೆ ಗಾಯ ಮಾಡಿಕೊಂಡರು. ತಕ್ಷಣ ತಾವೇ ಅಕ್ಕನಿಗೆ ಫೋನ್ ಮಾಡಿದರು. ಒಂದು ಗಂಟೆ ರಾತ್ರಿಗೆ ಇಬ್ಬರೂ ಕ್ಯಾಶುವಾಲಿಟಿಯಲ್ಲಿದ್ದರು.

ಮೊದಲು ಬೆರಳುಗಳ ಚಲನೆ, ಸ್ಪರ್ಶಜ್ಞಾನ ನೋಡಿದರು. ಮರಗಟ್ಟಿಸುವ ಮದ್ದು ಚುಚ್ಚಿದ ಮೇಲೆ ನರಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಯಲಾಗದು. ನಂತರ ಲಿಗ್ನೊಕೇನ್ ಕೊಟ್ಟು, ಅದು ಹಿಡಿಯುವವರೆಗೆ ಕಾದು, ಐದು ಹೊಲಿಗೆ ಹಾಕಿದರು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರು. ಲಿಗ್ನೊಕೇನ್ ವಿಷಯ ಹೇಳಲೇಬೇಕು. "ತಾನೇ ಮಾಡಿಕೊಂಡದ್ದಲ್ಲವಾ" ಎಂದು ಇಂಥ ಗಾಯಗಳಿಗೆ ಮರಗಟ್ಟಿಸದೆ ಹೊಲಿಗೆ ಹಾಕುವುದು ನಡೆಯುತ್ತದೆ. ಅದು ಕ್ರೌರ್ಯ, ಚಿಕಿತ್ಸೆಯಲ್ಲ. ಇನ್ನೊಂದು ವಿಷಯ: ಆ ರಾತ್ರಿ ಮಾತ್ರೆಯನ್ನೂ ನುಂಗಿದ್ದೀರಾ ಎಂದು ಪರದೆಯ ಹಿಂದೆ ಕೇಳಿದರು, ರಕ್ತವನ್ನೂ ಕಳಿಸಿದರು. ಇಲ್ಲವೆಂದು ಖಚಿತವಾಯಿತು. ಗಾಯ ಕಂಡಾಗ ಮಾತ್ರೆಯ ಪ್ರಶ್ನೆ ಮರೆಯುವುದು ಸಾಮಾನ್ಯ.

ಫೈಲಿನಲ್ಲಿ ಒಬ್ಬರು "ಯೋಜನೆ ವಿಫಲ" ಎಂದು ಬರೆದರು. ಮನೋವೈದ್ಯೆ ಅದನ್ನು ಒಪ್ಪಲಿಲ್ಲ. ಜುಲೈಯಲ್ಲಿ ಸುಮತಿ ಯಾರಿಗೂ ಹೇಳದೆ ಹತ್ತು ಗಂಟೆ ಮಲಗಿದ್ದರು; ಈ ಸಲ ಕೆಲವೇ ನಿಮಿಷದಲ್ಲಿ ನಾಲ್ಕನೇ ಹಂತದ ಹೆಸರಿಗೆ ಕರೆ ಮಾಡಿದ್ದರು. ವಿಫಲವಾದದ್ದು ಆಸ್ಪತ್ರೆಯ ಶುಕ್ರವಾರ. ಸುಮತಿಯ ಒಪ್ಪಿಗೆಯ ಮೇಲೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 86ನೇ ಕಲಂನಂತೆ ಸ್ವತಂತ್ರ ದಾಖಲಾತಿ ಮಾಡಿ ಮೂರು ದಿನ ಇಟ್ಟುಕೊಂಡರು, ಮಾತ್ರೆಯನ್ನು 10 ಮಿ.ಗ್ರಾಂ.ಗೆ ಏರಿಸಿದರು.

ಈ ಸಲ ಸಾಲಕ್ಕೂ ಕೈ ಹಾಕಿದರು. ಮೊದಲ ಸಲ ಅದು ಆಸ್ಪತ್ರೆಯ ಕೆಲಸವಲ್ಲ ಎಂದು ಬಿಟ್ಟದ್ದು. ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿರ್ದೇಶನದಂತೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗಾಗಿ ಸಾಲಗಾರರನ್ನು ಸಂಪರ್ಕಿಸುವಂತಿಲ್ಲ, ಬೈದು ಅವಮಾನಿಸುವಂತಿಲ್ಲ, ಎಲ್ಲ ಸಾಲಗಳ ಕಂತು ಸೇರಿ ಮನೆಯ ಮಾಸಿಕ ಆದಾಯದ ಅರ್ಧ ಮೀರುವಂತಿಲ್ಲ. ಸಮಾಜ ಕಾರ್ಯಕರ್ತೆ ಇದನ್ನು ಉಲ್ಲೇಖಿಸಿ ಕಂಪನಿಯ ದೂರು ವಿಭಾಗಕ್ಕೆ ಸುಮತಿಯ ಹೆಸರಲ್ಲಿ ಪತ್ರ ಬರೆಸಿದರು. ಅದರಲ್ಲಿ ಆಸ್ಪತ್ರೆಯ ವಿಷಯ ಒಂದಕ್ಷರವೂ ಇರಲಿಲ್ಲ. ರೋಗಿಯ ಮಾಹಿತಿ ಗುಟ್ಟಾಗಿಡುವುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂನ ಹಕ್ಕು. ವಾರದ ಬಡ್ಡಿಯವರ ವಿಷಯದಲ್ಲಿ ಕಿರುಸಾಲಗಾರರ ಮೇಲಿನ ಬಲವಂತ ತಡೆಯಲು 2025ರಲ್ಲಿ ರಾಜ್ಯ ತಂದ ಕಾನೂನಿನಡಿ ಗಂಡ ಠಾಣೆಗೆ ದೂರು ಕೊಟ್ಟರು. ಸಾಲ ಮನ್ನಾ ಆಗಲಿಲ್ಲ. ಕಂಪನಿಯ ಕಂತು ತಿಂಗಳಿಗೊಮ್ಮೆ ಎಂದಾಯಿತು, ಕಟ್ಟುವುದು ಹಗಲಲ್ಲಿ, ಶಾಖೆಯಲ್ಲಿ. ಬಡ್ಡಿಯವರು ಮನೆಗೆ ಬರುವುದನ್ನು ನಿಲ್ಲಿಸಿದರು.

ಆರನೇ ತಿಂಗಳ ಕರೆಯ ಹೊತ್ತಿಗೆ ಸುಮತಿ ಕಾರ್ಖಾನೆಗೆ ಹೋಗುತ್ತಿದ್ದರು, ಐದಾರು ಗಂಟೆ ನಿದ್ದೆ ಬರುತ್ತಿತ್ತು, ಎಎಲ್‌ಟಿ ಸರಿಯಾಗಿ ತಿಂಗಳುಗಳಾಗಿದ್ದವು. ಸಾಯುವ ಯೋಚನೆ ಪೂರ್ತಿ ಹೋಗಿಲ್ಲ. ಕೆಲವು ರಾತ್ರಿ ಬರುತ್ತದೆ, ಒಮ್ಮೆ 14416ಕ್ಕೆ ಕರೆ ಮಾಡಿದ್ದೇನೆ ಎಂದರು. ಮತ್ತೆ ಹಾನಿ ಮಾಡಿಕೊಂಡಿಲ್ಲ. ಅತ್ತೆಯ ಜೊತೆ ಸಮಾಜ ಕಾರ್ಯಕರ್ತೆ ಎರಡು ಸಲ ಕೂತು ಮಾತಾಡಿದರು. ಬೈಗುಳ ಕಡಿಮೆಯಾಗಿದೆ, ನಿಂತಿಲ್ಲ. ಗಂಡನ ಕುಡಿತಕ್ಕೆ ಏನೂ ಮಾಡಲಾಗಿಲ್ಲ. ಮುಂದಿನ ಜೂನ್ ಬರುವ ಮೊದಲೇ, ಮೇ ತಿಂಗಳಲ್ಲಿ, ಒಂದು ಭೇಟಿಯನ್ನು ಪಟ್ಟಿಗೆ ಸೇರಿಸಿದ್ದಾರೆ.

ವಾರ್ಡಿನಲ್ಲಿ ಬದಲಾದದ್ದು

ಕ್ಯಾಶುವಾಲಿಟಿಯ ಹಾಳೆಯಲ್ಲಿ ನುಂಗಿದ ಸಮಯದ ಪಕ್ಕ ಇನ್ನೊಂದು ಕಾಲಂ ಬಂದಿದೆ: ಯಾರು ಹೇಳಿದ್ದು, ಆಗ ಪಕ್ಕದಲ್ಲಿ ಯಾರಿದ್ದರು. ರೋಗಿಯೇ ಒಬ್ಬರೇ ಇದ್ದಾಗ ಹೇಳದಿದ್ದರೆ ಆ ಸಮಯವನ್ನು ನೋಮೋಗ್ರಾಮಿಗೆ ಬಳಸುವಂತಿಲ್ಲ. ಎಎಲ್‌ಟಿ ಹೆಚ್ಚಿದ್ದು ಸಮಯ ಕಡಿಮೆ ಬರೆದಿದ್ದರೆ ಲ್ಯಾಬಿನವರೇ ಫೋನ್ ಮಾಡಿ ತಿಳಿಸುತ್ತಾರೆ. ತುಳು, ಬ್ಯಾರಿ, ಕೊಂಕಣಿ ಬಲ್ಲ ನರ್ಸ್ ಯಾವ ಪಾಳಿಯಲ್ಲಿದ್ದಾರೆಂದು ಮೇಜಿನ ಬಳಿ ಬರೆದಿರುತ್ತದೆ. ಅಂಕಪಟ್ಟಿ ತುಂಬುವುದನ್ನು ಬಿಟ್ಟಿದ್ದಾರೆ. ಅಚ್ಚಾದ ಸುರಕ್ಷತಾ ಹಾಳೆಯ ಎರಡನೇ ಹಂತ ಈಗ ಖಾಲಿ, ಆರನೇ ಹಂತದಲ್ಲಿ "ಮನೆಯಲ್ಲಿ ಯಾರು ಯಾವ ತಿಂಗಳು ಇರುವುದಿಲ್ಲ?" ಎಂಬ ಪ್ರಶ್ನೆಯಿದೆ. ಕರೆಗಳ ಪಟ್ಟಿ ಇಬ್ಬರ ಹೆಸರಿನಲ್ಲಿರುತ್ತದೆ, ಮತ್ತು ವರ್ಷದ ರಜಾಪಟ್ಟಿ ಬಂದ ದಿನವೇ ಕರೆ ಬೀಳುವ ರಜಾದಿನಗಳನ್ನು ಗುರುತಿಸಿ, ಹಿಂದಿನ ದಿನಕ್ಕೆ ಬದಲಿಸಿ, ಹಾಗೆ ಬದಲಾಗಿದೆ ಎಂದು ರೋಗಿಗೂ ಮೊದಲೇ ಹೇಳುತ್ತಾರೆ.